ಕರುಳಿನ ಆಪರೇಷನ್ ಆದವಳಿಗೆ ಮಗುವಾಗುತ್ತದೆಯೇ?

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಿಸಿಲೆ ಕಡೆಯ ಕಾಫಿ ತೋಟವೊಂದರಿಂದ ಅತ್ತೆ-ಸೊಸೆ ಇಬ್ಬರು ನನ್ನ ದವಾಖಾನೆಗೆ ಬಂದರು. ಸೊಸೆಗೆ ಇಪ್ಪತ್ತಾರು ವರ್ಷ. ಗಂಡ ತೋಟದಲ್ಲಿ ರೈಟರ್. ಮದುವೆಯಾಗಿ ಐದು ವರ್ಷ. ಅದರಲ್ಲಿ ಎರಡನೇ ವರ್ಷ ಹೊಟ್ಟೆ ನೋವು ಜೋರಾಗಿ ದೊಡ್ಡ ಆಸ್ಪತ್ರೆಯಲ್ಲಿ ಕರುಳಿನ ಆಪರೇಷನ್ ಆಗಿತ್ತು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು: "ಡಾಕ್ಟ್ರಮ್ಮ, ಇವಳ ಕರುಳನ್ನೇ ಕತ್ತರಿಸಿ ತೆಗೆದಿದ್ದಾರೆ. ಇನ್ನು ಗರ್ಭ ನಿಲ್ಲುವುದು ಹೌದಾ? ನಿಲ್ಲುವುದಾದರೆ ಒಂದು ಮಜೂನ್ ಕೊಡಿ. ಇಲ್ಲದಿದ್ದರೆ ಈಗಲೇ ಹೇಳಿಬಿಡಿ, ನಾವು ಮುಂದಿನದು ನೋಡಬೇಕು."

'ಮುಂದಿನದು' ಎಂದರೆ ಏನೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಸೊಸೆ ತಲೆ ಬಗ್ಗಿಸಿ ಕುಳಿತಿದ್ದಳು.

ಇಂಥದೇ ಪ್ರಶ್ನೆಯನ್ನು ನಾನು ಹಲವು ಸಲ ಕೇಳಿದ್ದೇನೆ. ಹೆತ್ತೂರು, ಯಸಳೂರು, ವನಗೂರು ಕಡೆಯ ತೋಟದ ಲೈನ್ ಮನೆಗಳಿಂದ ಹಿಡಿದು ಸಕಲೇಶಪುರ ಪೇಟೆಯ ಅಂಗಡಿ ಮನೆತನಗಳವರೆಗೆ ಎಲ್ಲೆಡೆ ಇದೇ ಭಯ. ಆದ್ದರಿಂದ ಈ ತಿಂಗಳು ಈ ವಿಷಯವನ್ನೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮೇಲಿನ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕರುಳು ಬೇರೆ, ಗರ್ಭಕೋಶ ಬೇರೆ

ನಮ್ಮ ಭಾಷೆಯಲ್ಲಿ ಮಗುವನ್ನು 'ಕರುಳ ಕುಡಿ' ಎನ್ನುತ್ತೇವೆ, ತಾಯಿಯನ್ನು 'ಹೆತ್ತ ಕರುಳು' ಎನ್ನುತ್ತೇವೆ. ಮಾತು ಚೆಂದವೇ. ಆದರೆ ಅದನ್ನು ಕೇಳಿ ಕೇಳಿ ಕರುಳಿಗೆ ಕತ್ತರಿ ಬಿದ್ದರೆ ಕುಡಿಯೂ ಹೋಯಿತು ಎಂದು ಹಲವರು ನಂಬಿಬಿಟ್ಟಿದ್ದಾರೆ. ಇದು ನಿಜವಲ್ಲ. ಕರುಳು ಆಹಾರ ಸಾಗುವ ಕೊಳವೆ. ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಗರ್ಭಕೋಶ, ಅದರ ಎರಡು ಬದಿಯ ಅಂಡನಾಳಗಳು ಮತ್ತು ಅಂಡಾಶಯಗಳು ಬೇರೆಯೇ ಅಂಗಗಳು. ಕರುಳಿನ ತುಂಡೊಂದನ್ನು ತೆಗೆದರೆ ಇವುಗಳಲ್ಲಿ ಯಾವುದೂ ಹೋಗುವುದಿಲ್ಲ. ಮುಟ್ಟು ಬರುತ್ತದೆ, ಅಂಡ ಬಿಡುಗಡೆಯಾಗುತ್ತದೆ, ಗರ್ಭಕೋಶ ತನ್ನ ಜಾಗದಲ್ಲೇ ಇರುತ್ತದೆ.

ಹಾಗಾದರೆ ಕರುಳಿನ ಆಪರೇಷನ್ನಿಗೂ ಬಸಿರಿಗೂ ಸಂಬಂಧವೇ ಇಲ್ಲವೇ? ಇದೆ. ಅವು ಬೇರೆ ಅಂಗಗಳಾದರೂ ನೆರೆಮನೆಯವರು. ಹೊಕ್ಕುಳದ ಕೆಳಗೆ, ಸೊಂಟದ ಎಲುಬಿನ ಬಟ್ಟಲಿನೊಳಗೆ ದೊಡ್ಡ ಕರುಳಿನ ಕೊನೆಯ ಭಾಗ, ಗರ್ಭಕೋಶ, ಅಂಡನಾಳಗಳು ಒಂದಕ್ಕೊಂದು ತಾಗಿಕೊಂಡೇ ಇವೆ. ಒಂದು ಮನೆಯಲ್ಲಿ ಬೆಂಕಿ ಬಿದ್ದರೆ ಪಕ್ಕದ ಗೋಡೆಗೂ ಶಾಖ ತಟ್ಟುವುದಿಲ್ಲವೇ?

ಅಂಡನಾಳ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ ತೆಳ್ಳಗಿನ ಕೊಳವೆ. ಅದರ ತುದಿ ಬೆರಳುಗಳಂತೆ ಹರಡಿಕೊಂಡು ಅಂಡಾಶಯದ ಮೇಲೆ ಆಡುತ್ತಾ, ಹೊರಬಂದ ಅಂಡವನ್ನು ಎತ್ತಿಕೊಳ್ಳುತ್ತದೆ. ಈ ತುದಿ ಸಲೀಸಾಗಿ ಆಡಬೇಕು, ಕೊಳವೆ ತೆರೆದಿರಬೇಕು. ಹೊಟ್ಟೆಯೊಳಗೆ ಆಪರೇಷನ್ ಆದಾಗ ಅಥವಾ ಕೀವು ತುಂಬಿದಾಗ ಗಾಯ ಮಾಗುವ ಹಂತದಲ್ಲಿ ಅಂಗಗಳ ನಡುವೆ ಜೇಡರ ಬಲೆಯಂಥ ಅಂಟು ಎಳೆಗಳು ಹುಟ್ಟಿಕೊಳ್ಳುತ್ತವೆ. ಡಾಕ್ಟರರು ಅಡ್‌ಹೀಷನ್ ಎನ್ನುವುದು ಇದನ್ನೇ. ಹೊಟ್ಟೆ ತೆರೆದು ಮಾಡಿದ ಆಪರೇಷನ್ ನಂತರ ಬಹುಪಾಲು ಜನರಲ್ಲಿ ಇವು ಅಷ್ಟಿಷ್ಟು ಇದ್ದೇ ಇರುತ್ತವೆ, ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಆ ಎಳೆಗಳು ಅಂಡನಾಳದ ತುದಿಯನ್ನು ಬಿಗಿದು ಹಿಡಿದರೆ ಅಂಡ ಒಳಗೆ ಬರುವ ದಾರಿ ಕಷ್ಟವಾಗುತ್ತದೆ. ಅಂದರೆ ತೊಂದರೆ ಇರುವುದು ಎಷ್ಟು ಕರುಳು ಹೋಯಿತು ಎಂಬುದರಲ್ಲಿ ಅಲ್ಲ. ಆಪರೇಷನ್ ಯಾವ ಜಾಗದಲ್ಲಿ ಆಯಿತು, ಕೀವು ಎಲ್ಲಿಯವರೆಗೆ ಹರಡಿತ್ತು, ಮೂಲ ಕಾಯಿಲೆ ಯಾವುದು ಎಂಬುದರಲ್ಲಿ.

ಯಾವ ಆಪರೇಷನ್, ಎಷ್ಟು ಚಿಂತೆ?

ಅಪೆಂಡಿಕ್ಸ್: ನಮ್ಮಲ್ಲಿ ಅತಿ ಹೆಚ್ಚು ಆಗುವ ಆಪರೇಷನ್ ಇದು. ಒಡೆಯುವ ಮೊದಲೇ ತೆಗೆದಿದ್ದರೆ ಬಸಿರಿಗೆ ಅದರಿಂದ ತೊಂದರೆ ಇಲ್ಲವೆಂದೇ ಹೇಳಬಹುದು. ಒಡೆದಿದ್ದರೂ ತೀರಾ ಹೆದರಬೇಕಾಗಿಲ್ಲ. ಸ್ವೀಡನ್ ದೇಶದಲ್ಲಿ ಬಾಲ್ಯದಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಸುಮಾರು 10 ಸಾವಿರ ಹೆಣ್ಣುಮಕ್ಕಳನ್ನು ಹಲವು ವರ್ಷಗಳ ನಂತರ ನೋಡಿದಾಗ, ಅಪೆಂಡಿಕ್ಸ್ ಒಡೆದಿದ್ದವರಿಗೂ ಇತರರಿಗೂ ಮಕ್ಕಳಾಗುವುದರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. 1999ರಲ್ಲಿ ಅದರ ವರದಿ ಪ್ರಕಟವಾಯಿತು. ಮದುವೆ ಮಾತುಕತೆಯ ವೇಳೆ 'ಹುಡುಗಿಗೆ ಅಪೆಂಡಿಕ್ಸ್ ಆಗಿದೆಯಂತೆ' ಎಂದು ಹಿಂದೆಗೆಯುವವರು ಇದನ್ನು ಗಮನಿಸಬೇಕು.

ಟೈಫಾಯ್ಡ್‌ನಿಂದ ಕರುಳು ತೂತಾದದ್ದು: ಚಿಕಿತ್ಸೆ ತಡವಾದ ಟೈಫಾಯ್ಡ್‌ನಲ್ಲಿ, ಸಾಮಾನ್ಯವಾಗಿ ಮೂರನೇ ವಾರದ ಹೊತ್ತಿಗೆ ಸಣ್ಣ ಕರುಳಿನ ಕೊನೆಯ ಭಾಗ ತೂತಾಗುವುದುಂಟು. ಹೊಟ್ಟೆಯೆಲ್ಲಾ ಕೀವಾದರೆ ಅಂಟು ಎಳೆಗಳ ಸಾಧ್ಯತೆ ಹೆಚ್ಚು. ಒಂದು ವರ್ಷ ಕಾಯದೆ ಬೇಗನೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಕರುಳಿನ ಕ್ಷಯ: ನಮ್ಮ ದೇಶದಲ್ಲಿ ಇದನ್ನು ಮರೆಯಲೇಬಾರದು. ಕ್ಷಯ ಎಂದರೆ ಕೆಮ್ಮು ಮಾತ್ರ ಎಂದು ತಿಳಿದವರೇ ಹೆಚ್ಚು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ಕ್ಷಯಕ್ಕೆ ಬಹಳ ಇಷ್ಟದ ಜಾಗ. ಅಲ್ಲಿ ದಾರಿ ಕಟ್ಟಿ ಆಪರೇಷನ್ ಆಗುತ್ತದೆ. ಇದೇ ಕ್ಷಯ ಅಂಡನಾಳಗಳಿಗೂ ತಗುಲಿ, ಯಾವ ನೋವೂ ಇಲ್ಲದೆ ಅವುಗಳನ್ನು ಮುಚ್ಚಿಬಿಡಬಲ್ಲದು. ಆದ್ದರಿಂದ ಕರುಳಿನ ಕ್ಷಯಕ್ಕೆ ಆಪರೇಷನ್ ಆದವರಲ್ಲಿ ಅಂಡನಾಳದ ಪರೀಕ್ಷೆಯನ್ನು ಮುಂದೂಡಬಾರದು. ಔಷಧಿ ಸಾಮಾನ್ಯವಾಗಿ 6 ತಿಂಗಳು. ಎರಡು ತಿಂಗಳಲ್ಲಿ ಹಸಿವು ಬಂತು, ಮೈ ತುಂಬಿತು ಎಂದು ನಿಲ್ಲಿಸುವುದು ದೊಡ್ಡ ತಪ್ಪು. ಕ್ಷಯದ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಚಿಕಿತ್ಸೆ ಮುಗಿಯುವವರೆಗೆ ಬಸಿರನ್ನು ಮುಂದೂಡುವುದು ಒಳ್ಳೆಯದು. ಆದರೆ ರಿಫಾಂಪಿಸಿನ್ ಎಂಬ ಕ್ಷಯದ ಮಾತ್ರೆ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಂದಿಸುತ್ತದೆ. ಬೇರೆ ವಿಧಾನವನ್ನು ಡಾಕ್ಟರಲ್ಲಿ ಕೇಳಿಕೊಳ್ಳಿ. ನಡುವೆ ಗರ್ಭ ನಿಂತೇಬಿಟ್ಟರೆ ಹೆದರಿ ಮಾತ್ರೆ ನಿಲ್ಲಿಸಬೇಡಿ, ಕೂಡಲೇ ಡಾಕ್ಟರಿಗೆ ತಿಳಿಸಿ.

ದೊಡ್ಡ ಕರುಳನ್ನು ಪೂರ್ತಿ ತೆಗೆಯುವುದು: ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ, ಅಂದರೆ ಅಲ್ಸರೇಟಿವ್ ಕೊಲೈಟಿಸ್, ಔಷಧಿಗೆ ಬಗ್ಗದಿದ್ದಾಗ ದೊಡ್ಡ ಕರುಳನ್ನು ತೆಗೆದು ಸಣ್ಣ ಕರುಳಿನಿಂದಲೇ ಚೀಲ ಮಾಡಿ ಗುದದ್ವಾರಕ್ಕೆ ಜೋಡಿಸುತ್ತಾರೆ. 1978ರಲ್ಲಿ ಲಂಡನ್ನಿನ ಪಾರ್ಕ್ಸ್ ಮತ್ತು ನಿಕಲ್ಸ್ ಎಂಬ ಶಸ್ತ್ರವೈದ್ಯರು ಈ ವಿಧಾನವನ್ನು ಪ್ರಕಟಿಸಿದರು. ಇದು ಸೊಂಟದ ಬಟ್ಟಲಿನ ಆಳದಲ್ಲಿ ನಡೆಯುವ ಆಪರೇಷನ್. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಪರೇಷನ್ನಿಗೆ ಮೊದಲು 100ರಲ್ಲಿ 15 ಮಂದಿಗೆ ಇದ್ದ ಬಂಜೆತನದ ತೊಂದರೆ ಆಪರೇಷನ್ ನಂತರ 48 ಮಂದಿಗೆ ಕಂಡುಬಂತು. ಸುಮಾರು ಮೂರು ಪಟ್ಟು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಿ: ಅರ್ಧಕ್ಕಿಂತ ಹೆಚ್ಚಿನವರಿಗೆ ತೊಂದರೆ ಆಗಲಿಲ್ಲ. ಆ ಲೆಕ್ಕದಲ್ಲಿದ್ದದ್ದು ಹೆಚ್ಚಾಗಿ ಹೊಟ್ಟೆ ತೆರೆದು ಮಾಡಿದ ಆಪರೇಷನ್‌ಗಳು. ಸಣ್ಣ ತೂತಿನ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಅಂಟು ಎಳೆಗಳು ಕಡಿಮೆ, ಬಸಿರಿನ ಸಾಧ್ಯತೆ ಉತ್ತಮ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಇನ್ನೂ ಮಕ್ಕಳಾಗದ ಹೆಣ್ಣುಮಗಳಿಗೆ ಇಂಥ ಆಪರೇಷನ್ ಬೇಕೆಂದಾಗ, ತುರ್ತು ಇಲ್ಲದಿದ್ದರೆ, 'ನಮಗೆ ಮಕ್ಕಳು ಬೇಕು' ಎಂದು ಸರ್ಜನ್ನರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಸುಮ್ಮನಿರಬೇಡಿ.

ಕರುಳಿನ ಕ್ಯಾನ್ಸರ್: ಸೊಂಟದ ಭಾಗಕ್ಕೆ ಕೊಡುವ ವಿಕಿರಣ ಅಂಡಾಶಯಗಳನ್ನೂ ಗರ್ಭಕೋಶವನ್ನೂ ಕೆಡಿಸುತ್ತದೆ. ಚಿಕಿತ್ಸೆ ಶುರುವಾಗುವ ಮೊದಲೇ ಅಂಡ, ಭ್ರೂಣ ಅಥವಾ ವೀರ್ಯವನ್ನು ಶೀತಲದಲ್ಲಿ ಕಾಪಿಡುವ ಬಗ್ಗೆ ಕೇಳಬೇಕು. ನಂತರ ಕೇಳಿದರೆ ತಡವಾಗಿರುತ್ತದೆ.

ಗಂಡಸರ ಮಾತೂ ಇದೆ

ಕರುಳಿನ ಆಪರೇಷನ್ ಗಂಡಿಗೂ ಆಗಬಹುದು. ಗುದನಾಳದ ಆಳದ ಆಪರೇಷನ್ನಿನಲ್ಲಿ ನರಗಳಿಗೆ ಪೆಟ್ಟಾದರೆ ದಾಂಪತ್ಯದ ಶಕ್ತಿ ಕುಂದಬಹುದು ಅಥವಾ ವೀರ್ಯ ಹೊರಬಾರದೆ ಮೂತ್ರಕೋಶಕ್ಕೆ ಹಿಂದಿರುಗಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಕರುಳಿನ ಹುಣ್ಣಿಗೆ ಕೊಡುವ ಸಲ್ಫಾಸಲಜೀನ್ ಮಾತ್ರೆ ವೀರ್ಯಾಣುಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಡಾಕ್ಟರು ಬೇರೆ ಮಾತ್ರೆಗೆ ಬದಲಿಸಿದರೆ ಎರಡು-ಮೂರು ತಿಂಗಳಲ್ಲಿ ಸರಿಹೋಗುತ್ತದೆ.

ಇನ್ನೊಂದು ಮಾತು. ಹೆಂಡತಿಯ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದೆ ಎಂಬ ಒಂದೇ ಕಾರಣಕ್ಕೆ ದೋಷ ಅವಳದೇ ಎಂದು ತೀರ್ಮಾನಿಸಬೇಡಿ. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಇದು ಹೊಸ ಮಾತೇನಲ್ಲ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಬಂಜೆತನದ ಕಾರಣಗಳನ್ನು ಹೆಣ್ಣು-ಗಂಡು ಇಬ್ಬರಲ್ಲೂ ಹುಡುಕಬೇಕೆಂದೇ ವಿವರಿಸಿದ್ದಾರೆ. ಆ ವಿದ್ಯೆಯ ವಾರಸುದಾರರೆಂದು ಹೆಮ್ಮೆಪಡುವ ನಾವು ಇಂದಿಗೂ ಸೊಸೆಯೊಬ್ಬಳನ್ನೇ ದವಾಖಾನೆಗೆ ಕರೆತರುತ್ತೇವೆ.

ಯಾವಾಗ, ಯಾವ ಪರೀಕ್ಷೆ?

ದೊಡ್ಡ ಆಪರೇಷನ್ ಆದ ಮೇಲೆ ಹೊಟ್ಟೆಯ ಹೊಲಿಗೆ ಗಟ್ಟಿಯಾಗಲು, ರಕ್ತ-ತೂಕ ಮರಳಲು ಸಾಮಾನ್ಯವಾಗಿ 6 ತಿಂಗಳಿಂದ ಒಂದು ವರ್ಷ ಬಿಡುವು ಕೊಡುತ್ತಾರೆ. ಕರುಳಿನ ಉರಿಯೂತದ ಕಾಯಿಲೆ ಇದ್ದವರು, ಕಾಯಿಲೆ ಕನಿಷ್ಠ 3ರಿಂದ 6 ತಿಂಗಳು ಶಾಂತವಾಗಿದ್ದ ಮೇಲೆ ಪ್ರಯತ್ನಿಸಬೇಕು. ಮೆಥೊಟ್ರೆಕ್ಸೇಟ್ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದು ಮಗುವಿನ ಅಂಗಗಳನ್ನು ಕೆಡಿಸುತ್ತದೆ. ಡಾಕ್ಟರರ ಸಲಹೆಯಂತೆ ಅದನ್ನು ಬದಲಿಸಿ ಕೆಲವು ತಿಂಗಳು ಕಳೆಯಬೇಕು. ಕ್ಯಾನ್ಸರ್ ಆಗಿದ್ದರೆ ಎಷ್ಟು ಕಾಯಬೇಕೆಂಬುದನ್ನು ಕ್ಯಾನ್ಸರ್ ತಜ್ಞರೇ ಹೇಳಬೇಕು.

ಬೇರಾವ ತೊಂದರೆಯೂ ಇಲ್ಲದ ದಂಪತಿಗಳು ಒಂದು ವರ್ಷ ಪ್ರಯತ್ನಿಸಿ ನೋಡಬಹುದು. ಕೆಳಹೊಟ್ಟೆಯ ದೊಡ್ಡ ಆಪರೇಷನ್, ಕೀವು ಅಥವಾ ಕ್ಷಯ ಆಗಿದ್ದರೆ, ಇಲ್ಲವೇ ಹೆಂಡತಿಗೆ 35 ದಾಟಿದ್ದರೆ, 6 ತಿಂಗಳಿಗೇ ಪರೀಕ್ಷೆ ಮಾಡಿಸಿ. ಈ ಕ್ರಮದಲ್ಲಿ ಮಾಡಿಸಿದರೆ ದುಡ್ಡೂ ನೋವೂ ಕಡಿಮೆ:

1. ಗಂಡನ ವೀರ್ಯ ಪರೀಕ್ಷೆ. ಅಗ್ಗ, ನೋವಿಲ್ಲ, ಮೊದಲು ಇದೇ ಆಗಬೇಕು. 2ರಿಂದ 7 ದಿನ ಸಂಯಮದಿಂದಿದ್ದು ಕೊಡಬೇಕು. ಒಂದು ಮಿಲಿಲೀಟರಿನಲ್ಲಿ 1.6 ಕೋಟಿಗಿಂತ ಕಡಿಮೆ ವೀರ್ಯಾಣುಗಳಿದ್ದರೆ ಮುಂದಿನ ತಪಾಸಣೆ ಬೇಕು.

2. ಹೆಂಡತಿಯ ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12, ಥೈರಾಯ್ಡ್, ಸಕ್ಕರೆ.

3. ಗರ್ಭಕೋಶ, ಅಂಡಾಶಯಗಳ ಸ್ಕ್ಯಾನಿಂಗ್.

4. 'ಟ್ಯೂಬ್ ಟೆಸ್ಟ್' ಎಂದು ಜನ ಕರೆಯುವ ಎಚ್‌ಎಸ್‌ಜಿ ಎಕ್ಸ್‌ರೇ. ಮುಟ್ಟು ನಿಂತ ಮೇಲೆ, ಹತ್ತನೇ ದಿನದ ಒಳಗೆ ಮಾಡುತ್ತಾರೆ. ಅಂಡನಾಳ ತೆರೆದಿದೆಯೇ ಎಂಬುದು ಇದರಲ್ಲಿ ಗೊತ್ತಾಗುತ್ತದೆ.

5. ಇದರಲ್ಲೂ ಸ್ಪಷ್ಟವಾಗದಿದ್ದರೆ ಲ್ಯಾಪರೋಸ್ಕೋಪಿ. ಹಳೆಯ ಆಪರೇಷನ್ ಆದ ಹೊಟ್ಟೆಯಲ್ಲಿ ಕರುಳು ಗೋಡೆಗೆ ಅಂಟಿರಬಹುದಾದ್ದರಿಂದ ಅನುಭವಿ ಕೈಯೇ ಬೇಕು.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಹಳೆಯ ಡಿಸ್ಚಾರ್ಜ್ ಕಾಗದ. ಯಾವ ಭಾಗ, ಎಷ್ಟು ಉದ್ದ ತೆಗೆದರು, ಕೀವು ಎಲ್ಲಿತ್ತು, ತುಂಡಿನ ಪರೀಕ್ಷೆಯಲ್ಲಿ ಏನು ಬಂತು ಎಂಬುದು ಅದರಲ್ಲೇ ಇರುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಕಾಗದಗಳೆಲ್ಲಾ ಬೂಸಲು ಹಿಡಿದಿರುತ್ತವೆ. ರೇಷನ್ ಕಾರ್ಡಿನ ಜೊತೆಗೇ ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ದೇಹಕ್ಕೆ ಏನು ಕೊರತೆಯಾಗಿದೆ?

ಸಣ್ಣ ಕರುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಸತ್ವಗಳನ್ನು ಹೀರುತ್ತವೆ. ಕಬ್ಬಿಣಾಂಶವನ್ನು ಮೊದಲ ಭಾಗ ಹೀರಿದರೆ, ಬಿ12 ಜೀವಸತ್ವವನ್ನು ಕೊನೆಯ ಭಾಗವೇ ಹೀರಬೇಕು, ಬೇರೆ ಯಾವುದೂ ಆ ಕೆಲಸ ಮಾಡದು. ಕ್ಷಯ, ಟೈಫಾಯ್ಡ್ ಆಪರೇಷನ್‌ಗಳಲ್ಲಿ ಸಾಮಾನ್ಯವಾಗಿ ಹೋಗುವುದು ಇದೇ ಕೊನೆಯ ಭಾಗ. ಒಂದು ಗೇಣಿಗಿಂತ ಹೆಚ್ಚು, ಅಂದರೆ 20 ಸೆಂಟಿಮೀಟರಿಗಿಂತ ಹೆಚ್ಚು ಹೋಗಿದ್ದರೆ ಬಿ12 ಕೊರತೆಯ ಸಾಧ್ಯತೆ ಇದೆ. ದೇಹದಲ್ಲಿ ಅದರ ದಾಸ್ತಾನು ಇರುವುದರಿಂದ ಕೊರತೆ ಕೂಡಲೇ ಕಾಣುವುದಿಲ್ಲ, ಎರಡು-ಮೂರು ವರ್ಷಗಳ ನಂತರ ತಲೆ ಎತ್ತುತ್ತದೆ. ಸುಸ್ತು, ಕೈಕಾಲು ಜೋಮು, ನಾಲಿಗೆ ಉರಿ, ರಕ್ತಹೀನತೆ ಇದರ ಗುರುತು. ಮೊಟ್ಟೆ, ಮಾಂಸ, ಮೀನು ಎಷ್ಟು ತಿಂದರೂ ಹೀರುವ ಜಾಗವೇ ಇಲ್ಲದಿದ್ದರೆ ಪ್ರಯೋಜನವಿಲ್ಲ. ಅಂಥವರಿಗೆ ಇಂಜೆಕ್ಷನ್ನೇ ಬೇಕು, ಕೆಲವರಿಗೆ ಜೀವನವಿಡೀ.

ಮಗುವಿಗಾಗಿ ಪ್ರಯತ್ನಿಸುವ ಪ್ರತಿ ಹೆಣ್ಣುಮಗಳೂ ಗರ್ಭ ನಿಲ್ಲುವ ಒಂದರಿಂದ ಮೂರು ತಿಂಗಳ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಬಸಿರಿನ ಮೊದಲ ವಾರಗಳಲ್ಲೇ, ಎಷ್ಟೋ ಸಲ ಬಸಿರು ಎಂದು ಗೊತ್ತಾಗುವ ಮೊದಲೇ. ಕರುಳಿನ ಆಪರೇಷನ್ ಆದವರಿಗೆ, ಸಲ್ಫಾಸಲಜೀನ್ ತೆಗೆದುಕೊಳ್ಳುವವರಿಗೆ ಡಾಕ್ಟರು ಇನ್ನೂ ಹೆಚ್ಚಿನ ಪ್ರಮಾಣ ಬರೆದುಕೊಡಬಹುದು. ಆದರೆ ಬಿ12 ನೋಡದೆ ಫೋಲಿಕ್ ಆಸಿಡ್ ಮಾತ್ರ ನುಂಗುತ್ತಾ ಹೋದರೆ ರಕ್ತ ಸರಿಯಾದಂತೆ ಕಂಡರೂ ಒಳಗೊಳಗೆ ನರಗಳು ಕೆಡುತ್ತಾ ಹೋಗುತ್ತವೆ. ಎರಡನ್ನೂ ಒಟ್ಟಿಗೆ ನೋಡಬೇಕು.

ಹೊಟ್ಟೆಯ ಮೇಲೆ ಸ್ಟೋಮಾ ಚೀಲ ಇರುವವರೂ ತಾಯಿಯಾಗಿದ್ದಾರೆ, ಆಗುತ್ತಿದ್ದಾರೆ. ಚೀಲ ಗಂಡ-ಹೆಂಡತಿಯ ಸಂಬಂಧಕ್ಕೂ ಸ್ನಾನಕ್ಕೂ ಅಡ್ಡಿಯಲ್ಲ. ಮೊದಲು ಖಾಲಿ ಮಾಡಿಕೊಂಡರೆ ಸಾಕು. ಸಣ್ಣ ಕರುಳಿನ ಚೀಲ ಇದ್ದವರಿಗೆ ನೀರು-ಉಪ್ಪು ಬೇಗ ನಷ್ಟವಾಗುತ್ತದೆ, ಆದ್ದರಿಂದ ಓಆರ್‌ಎಸ್ ಮನೆಯಲ್ಲಿರಲಿ. ರಮಝಾನಿನಲ್ಲಿ ಉಪವಾಸದ ಬಗ್ಗೆ ಡಾಕ್ಟರರನ್ನೂ ಆಲಿಮರನ್ನೂ ಕೇಳಿ ನಡೆಯಿರಿ. ರೋಗಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳುವುದು ದುರ್ಬಲ ಈಮಾನಿನ ಗುರುತಲ್ಲ. ವುಝೂ ಮತ್ತು ನಮಾಝಿಗೂ ಹನಫೀ, ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಇಂಥವರಿಗೆ ವಿನಾಯಿತಿ ಇದೆ. ವಿವರವನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಯುನಾನಿ ಏನು ಮಾಡಬಲ್ಲದು, ಏನು ಮಾಡಲಾರದು?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಒಬ್ಬಾಕೆಗೆ ಎಂಟು ತಿಂಗಳು ಗರ್ಭಕೋಶಕ್ಕೆ ಬಲ ಕೊಡುವ ಮಜೂನ್ ಕೊಟ್ಟೆ. ಹೊಟ್ಟೆಯ ಮೇಲಿನ ಹಳೆಯ ಹೊಲಿಗೆಯ ಬಗ್ಗೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೊನೆಗೆ ಬೇರೆಡೆ ಪರೀಕ್ಷೆಯಾದಾಗ ಎರಡೂ ಅಂಡನಾಳಗಳು ಮುಚ್ಚಿದ್ದವು. ಆ ಎಂಟು ತಿಂಗಳು ಅವಳ ಆಯುಷ್ಯದ ಎಂಟು ತಿಂಗಳು. ಅಂದಿನಿಂದ ಹೊಲಿಗೆಯ ಗುರುತು ಕೇಳದೆ ನಾನು ಔಷಧಿ ಬರೆಯುವುದಿಲ್ಲ.

ಅಂಟಿಕೊಂಡ ಅಂಡನಾಳವನ್ನು ಯಾವ ಮಜೂನ್, ಯಾವ ಹಬ್ಬ್, ಯಾವ ಅರಖ್ ಕೂಡ ಬಿಡಿಸಲಾರದು. ಬಿಡಿಸುತ್ತೇನೆಂದು ಹೇಳುವವರು ನಿಮ್ಮ ದುಡ್ಡಿಗಿಂತ ಬೆಲೆಬಾಳುವ ವಯಸ್ಸನ್ನು ಕಸಿಯುತ್ತಿದ್ದಾರೆ. ಶಸ್ತ್ರಚಿಕಿತ್ಸೆಯನ್ನು ನಮ್ಮ ತಿಬ್ಬ್ ಎಂದೂ ಹಗುರವಾಗಿ ಕಂಡಿಲ್ಲ. ಕುರ್ತುಬಾದ ಅಬುಲ್ ಖಾಸಿಂ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಕರುಳಿನ ಗಾಯಕ್ಕೆ ದೊಡ್ಡ ಇರುವೆಗಳನ್ನು ಕಚ್ಚಿಸಿ ಅಂಚು ಕೂಡಿಸುವುದನ್ನೂ, ಪ್ರಾಣಿಗಳ ಕರುಳಿನ ದಾರದಿಂದ ಹೊಲಿಯುವುದನ್ನೂ ಬರೆದಿಟ್ಟಿದ್ದಾರೆ. ಕತ್ತರಿ ಬೇಕಾದಲ್ಲಿ ಕತ್ತರಿ ಎನ್ನುವುದೇ ನಮ್ಮ ಪರಂಪರೆ.

ಹಾಗಾದರೆ ನಾನು ಮಾಡುವುದೇನು? 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂದು ನಾವು ಓದಿದ ಆರು ಅಗತ್ಯಗಳಿವೆ: ಗಾಳಿ, ಅನ್ನ-ನೀರು, ದೇಹದ ದುಡಿಮೆ-ವಿಶ್ರಾಂತಿ, ಮನಸ್ಸಿನ ಚಲನೆ-ನೆಮ್ಮದಿ, ನಿದ್ದೆ-ಎಚ್ಚರ, ಮಲ-ಮೂತ್ರಗಳ ಸರಿಯಾದ ವಿಸರ್ಜನೆ. ಆಪರೇಷನ್ ಆದ ದೇಹವನ್ನು ಬಸಿರಿಗೆ ಸಿದ್ಧಗೊಳಿಸುವುದರಲ್ಲಿ ಈ ಆರೂ ಕೆಲಸಕ್ಕೆ ಬರುತ್ತವೆ. ಒಂದೇ ಸಲ ಹೊಟ್ಟೆ ತುಂಬಾ ತಿನ್ನುವ ಬದಲು ಸ್ವಲ್ಪ ಸ್ವಲ್ಪ ಐದಾರು ಸಲ. ಗಂಜಿ, ಮೆತ್ತಗಿನ ಅನ್ನ, ರಾಗಿ, ಮೊಟ್ಟೆ, ಮುಳ್ಳು ತೆಗೆದ ಮೀನು, ಮಾಂಸದ ಸಾರು. ಕರುಳು ಕಿರಿದಾಗಿದ್ದವರು ನಾರು ಹೆಚ್ಚಿರುವ ಹಲಸಿನ ಹಣ್ಣು, ಕಳಲೆಗಳಿಂದ ದೂರ ಇರಲಿ. ಎಲೆ-ಅಡಿಕೆ-ಹೊಗೆಸೊಪ್ಪು ಇಬ್ಬರೂ ಬಿಡಬೇಕು. ರಾತ್ರಿ ಏಳೆಂಟು ಗಂಟೆ ನಿದ್ದೆ. ಮತ್ತು ಮನಸ್ಸಿನ ನೆಮ್ಮದಿ. ಅದನ್ನು ಕೊಡುವುದು ಮನೆಯವರ ಕೈಯಲ್ಲಿದೆ.

ಮಾಡಬಾರದವು: ಸೋನಾಮುಖಿಯಂಥ ಭೇದಿ ಔಷಧಿ ತಾವಾಗಿ ನುಂಗುವುದು. ಲೋಹಭಸ್ಮಗಳಿರುವ ಕುಷ್ತಾಗಳು. 'ಗರ್ಭ ಕೂರಿಸುತ್ತೇವೆ' ಎಂದು ಹೊಟ್ಟೆ ತಿಕ್ಕಿಸುವುದು. ಹೊಲಿಗೆಯ ಮೇಲೆ ಹಿಜಾಮಾ.

ಅಂಡನಾಳ ಮುಚ್ಚಿದ್ದರೆ?

ಆಗ ಪ್ರನಾಳ ಶಿಶು, ಅಂದರೆ ಐವಿಎಫ್ ದಾರಿ ಇದೆ. ಅಂಡವನ್ನು ನೇರವಾಗಿ ಅಂಡಾಶಯದಿಂದ ಪಡೆದು, ವೀರ್ಯದೊಂದಿಗೆ ಸೇರಿಸಿ, ಗರ್ಭಕೋಶದಲ್ಲಿ ಇಡುವುದರಿಂದ ಅಂಡನಾಳದ ಅಗತ್ಯವೇ ಬೀಳುವುದಿಲ್ಲ. ಇದು ಸಮ್ಮತವೇ ಎಂಬ ಪ್ರಶ್ನೆಗೆ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಜಾದುಲ್ ಹಕ್ 1980ರಲ್ಲೇ ಫತ್ವಾ ನೀಡಿದ್ದರು: ವಿವಾಹ ಬಂಧನದಲ್ಲಿರುವ ಗಂಡನ ವೀರ್ಯ, ಹೆಂಡತಿಯ ಅಂಡ, ಅದೇ ಹೆಂಡತಿಯ ಗರ್ಭಕೋಶ ಆಗಿದ್ದರೆ ಅಡ್ಡಿಯಿಲ್ಲ, ಮೂರನೆಯವರದು ಸೇರಕೂಡದು. ನಂತರ ಬಹುತೇಕ ವಿದ್ವಾಂಸರು ಇದೇ ಅಭಿಪ್ರಾಯಕ್ಕೆ ಬಂದಿದ್ದಾರೆ. ನಿಮಗೆ ಸಂಶಯವಿದ್ದರೆ ನೀವು ನಂಬುವ ಆಲಿಮರನ್ನು ಕೇಳಿ. 2021ರ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಿರಲೇಬೇಕು. ನೋಂದಣಿ ಪತ್ರ ಕೇಳಿ ನೋಡಿ, ಒಟ್ಟು ಖರ್ಚನ್ನು ಮೊದಲೇ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಕಾರ್ಡು ಕರುಳಿನ ಆಪರೇಷನ್ನಿಗೆ ನೆರವಾಗಬಹುದು, ಬಂಜೆತನದ ಚಿಕಿತ್ಸೆಗೆ ಆಗುವುದಿಲ್ಲ.

ಗರ್ಭ ನಿಂತ ಮೇಲೆ

ಎರಡು ಅಪಾಯಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಒಂದು, ಗರ್ಭ ಅಂಡನಾಳದಲ್ಲೇ ನಿಲ್ಲುವುದು. ನಾಳಕ್ಕೆ ಪೆಟ್ಟಾದವರಲ್ಲಿ ಇದರ ಸಾಧ್ಯತೆ ಹೆಚ್ಚು. ಮುಟ್ಟು ತಪ್ಪಿದ ಮೇಲೆ ಕೆಳಹೊಟ್ಟೆಯ ಒಂದು ಬದಿ ನೋವು, ಸ್ವಲ್ಪ ರಕ್ತಸ್ರಾವ, ತಲೆಸುತ್ತು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮುಟ್ಟು ತಪ್ಪಿ ಒಂದೆರಡು ವಾರದೊಳಗೇ ಸ್ಕ್ಯಾನ್ ಮಾಡಿಸುವುದು ಇಂಥವರಿಗೆ ಕಡ್ಡಾಯವೆಂದೇ ತಿಳಿಯಿರಿ.

ಎರಡು, ಕರುಳು ಕಟ್ಟುವುದು. ಗರ್ಭಕೋಶ ಬೆಳೆಯುತ್ತಾ ಹೋದಂತೆ ಹಳೆಯ ಅಂಟು ಎಳೆಗಳು ಕರುಳನ್ನು ಎಳೆದು ಮಡಚಬಹುದು. ಬಿಟ್ಟು ಬಿಟ್ಟು ಹಿಂಡುವ ನೋವು, ನಿಲ್ಲದ ವಾಂತಿ, ಹೊಟ್ಟೆ ಉಬ್ಬರ, ಮಲ-ಗಾಳಿ ಎರಡೂ ಹೋಗದಿರುವುದು ಇದರ ಗುರುತು. 'ಬಸಿರಿ ವಾಂತಿ' ಎಂದು ಜೀರಿಗೆ ಕಷಾಯ ಕೊಟ್ಟು ಮಲಗಿಸಬೇಡಿ.

ಬಿಸಿಲೆ ಘಾಟಿಯ ಕಡೆಯವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ರಾತ್ರಿ ದಾರಿಯಲ್ಲಿ ಆನೆ ನಿಂತಿರುತ್ತದೆ. 108 ಆಂಬುಲೆನ್ಸ್ ಬರುವಷ್ಟರಲ್ಲಿ ಗಂಟೆಗಳು ಕಳೆಯಬಹುದು. ಕೊನೆಯ ತಿಂಗಳಲ್ಲಿ ಸಕಲೇಶಪುರ ಅಥವಾ ಹಾಸನದ ನೆಂಟರ ಮನೆಯಲ್ಲಿ ಇರುವಂತೆ ಮೊದಲೇ ವ್ಯವಸ್ಥೆ ಮಾಡಿ. ರಕ್ತದ ಗುಂಪು, ಕಾಗದಗಳ ಕವರ್, ವಾಹನದವರ ನಂಬರ್ ಸಿದ್ಧವಿರಲಿ. ಕರುಳಿನ ಆಪರೇಷನ್ ಆದವರಿಗೆಲ್ಲಾ ಸಿಸೇರಿಯನ್ನೇ ಆಗಬೇಕೆಂದಿಲ್ಲ. ಗುದದ್ವಾರಕ್ಕೆ ಚೀಲ ಜೋಡಿಸಿದವರಿಗೆ ಹಲವು ವೈದ್ಯರು ಸಿಸೇರಿಯನ್ ಸೂಚಿಸುತ್ತಾರೆ, ಉಳಿದ ಬಹಳಷ್ಟು ಮಂದಿಗೆ ಸಹಜ ಹೆರಿಗೆ ಸಾಧ್ಯ. ಸರ್ಜನ್ ಮತ್ತು ಹೆರಿಗೆ ಡಾಕ್ಟರು ಕೂಡಿ ತೀರ್ಮಾನಿಸಲಿ.

ಬರುವ ಮೊದಲೇ ತಡೆಯೋಣ

ಇವುಗಳಲ್ಲಿ ಎಷ್ಟೋ ಆಪರೇಷನ್‌ಗಳನ್ನು ತಪ್ಪಿಸಬಹುದು. ಟೈಫಾಯ್ಡ್ ಬರುವುದು ಮಲ ಬೆರೆತ ನೀರು-ಆಹಾರದಿಂದ. ತೊರೆ, ಬಾವಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ. ಇಸ್ತಿಂಜಾದ ನಂತರ ನೀರು ಮಾತ್ರವಲ್ಲ, ಸೋಪೂ ಬೇಕು. ಹಸಿ ಹಾಲು ಬೇಡ. ಕ್ಷಯದ ಒಂದು ಬಗೆ ಅದರಿಂದಲೂ ಬರುತ್ತದೆ. ಒಂದು ವಾರ ಬಿಡದ ಜ್ವರ, ತಿಂಗಳುಗಟ್ಟಲೆ ಹೊಟ್ಟೆ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇವನ್ನು ಕಡೆಗಣಿಸಬೇಡಿ.

ಆ ಸೊಸೆ ಏನಾದಳು?

ಅವಳ ಕಾಗದದಲ್ಲಿ ಕರುಳಿನ ಕ್ಷಯ ಎಂದಿತ್ತು. ಸಣ್ಣ ಕರುಳಿನ ಕೊನೆಯ ಒಂದು ಗೇಣಿಗೂ ಹೆಚ್ಚು ತೆಗೆದಿದ್ದರು. ಆರು ತಿಂಗಳ ಮಾತ್ರೆ ಪೂರ್ತಿ ಮುಗಿಸಿದ್ದಳು. ಆದರೆ ಹಿಮೋಗ್ಲೋಬಿನ್ 8, ಬಿ12 ತೀರಾ ಕಡಿಮೆ. ಮೂರು ವರ್ಷದಿಂದ 'ಸೋಮಾರಿ' ಎನಿಸಿಕೊಂಡಿದ್ದಳು, ಪಾಪ, ಅದು ಕಾಯಿಲೆ. ಹಾಸನದಲ್ಲಿ ಪರೀಕ್ಷೆಯಾಯಿತು. ಒಂದು ಅಂಡನಾಳ ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ಗಂಡ ಎರಡು ತಿಂಗಳು ಸತಾಯಿಸಿ ಕೊನೆಗೆ ತನ್ನ ಪರೀಕ್ಷೆಯನ್ನೂ ಮಾಡಿಸಿದ. ವೀರ್ಯಾಣುಗಳು ಕಡಿಮೆಯೇ ಇದ್ದವು, ಹೊಗೆಸೊಪ್ಪು ಬಿಟ್ಟಿದ್ದಾನೆ.

ಅವರಿಗೆ ಇನ್ನೂ ಮಗುವಾಗಿಲ್ಲ. ದಾರಿ ಮುಚ್ಚಿಯೂ ಇಲ್ಲ. ತಜ್ಞರು ಒಂದಿಷ್ಟು ಕಾಲ ಪ್ರಯತ್ನಿಸಿ, ನಂತರ ಐವಿಎಫ್ ಯೋಚಿಸೋಣ ಎಂದಿದ್ದಾರೆ. ನಾನು ಆ ಅತ್ತೆಗೆ ಹೇಳಿದ್ದು ಇಷ್ಟೇ: ಝಕರಿಯಾ (ಅ) ಮುಪ್ಪಿನಲ್ಲೂ ಮಗುವಿಗಾಗಿ ಬೇಡಿಕೊಂಡರು, ಅವರ ಪ್ರಾರ್ಥನೆ ಫಲಿಸಿತು. ನಮ್ಮೆಲ್ಲರ ತಾಯಿ ಆಯಿಶಾ (ರ) ಅವರಿಗೆ ಮಕ್ಕಳಾಗಲಿಲ್ಲ, ಅದರಿಂದ ಅವರ ಗೌರವಕ್ಕೆ ಒಂದು ಎಳ್ಳಿನಷ್ಟೂ ಕೊರತೆಯಾಗಲಿಲ್ಲ. ಕೊಡುವುದು, ಕೊಡದಿರುವುದು ಅಲ್ಲಾಹನ ಇಚ್ಛೆ. ಚಿಕಿತ್ಸೆ ಮಾಡಿಸುವುದು, ಮನೆಯ ಹೆಣ್ಣಿನ ಮನಸ್ಸು ನೋಯಿಸದಿರುವುದು ನಮ್ಮ ಹೊಣೆ.

ಕಳೆದ ತಿಂಗಳು ಬಿ12 ಇಂಜೆಕ್ಷನ್ ಹಾಕಿಸಿಕೊಂಡು ದವಾಖಾನೆಗೆ ಬಂದಿದ್ದಳು. ಜೊತೆಗೆ ಅತ್ತೆಯೂ ಇದ್ದರು. ಮಜೂನಿನ ಮಾತಿಲ್ಲ, 'ಮುಂದಿನದರ' ಮಾತೂ ಇಲ್ಲ. ಸೊಸೆಯ ಕಾಗದಗಳನ್ನೆಲ್ಲಾ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಳೆಗೆ ನೆನೆಯದಂತೆ ತಮ್ಮ ದುಪಟ್ಟಾದೊಳಗೆ ಹಿಡಿದುಕೊಂಡಿದ್ದರು.